ಹೊಸ ಅಂಗಿ ತೊಟ್ಟ ಹಳೇ ಕತ್ತಿ

"ಅಲಗು ಹಳೇದು, ಚೆನ್ನಾಗಿದೆ. ಮೇಲಿನ ಮಿಲಿಟರಿ ಸಾಮಾನೆಲ್ಲ ಯಾವ್ಯಾವುದರದ್ದೋ ತಂದು ಜೋಡಿಸಿದ್ದು. ತೆಗೆದು ಬಿಸಾಕಿ, ಬರೀ ಅಲಗು ಇಟ್ಟುಕೊಳ್ಳಿ."

ನಮ್ಮ ಪಕ್ಕದ ಮನೆಯ ಹಿರಿಯರಿಗೆ ಒಬ್ಬ ವ್ಯಾಪಾರಿ ಹೀಗೆ ಹೇಳಿ ಕಳಿಸಿದ್ದ. ಅವರಿಗೀಗ 78 ವರ್ಷ. ಒಹಾಯೊದ ಈ ಬೀದಿಗೆ ನಾವು ಬಂದಾಗ ಮೊದಲು ಬಾಗಿಲು ತಟ್ಟಿದವರು ಅವರೇ. ಅವರ ಅಪ್ಪ 1945ರಲ್ಲಿ ಫಿಲಿಪೀನ್ಸಿನ ಲುಝೋನ್ ದ್ವೀಪದಲ್ಲಿ ಅಮೆರಿಕದ ಸಿಪಾಯಿ. ವಾಪಸ್ ಬರುವಾಗ ಒಂದು ಜಪಾನಿ ಕತ್ತಿ ತಂದಿದ್ದರು. ಅದು ಅರವತ್ತು ವರ್ಷ ಅಟ್ಟದ ಮೇಲಿತ್ತು. ಆಮೇಲೆ ಇವರ ಮಂಚದ ಕೆಳಗೆ.

ನನಗೆ ಈ ಕತ್ತಿಗಳ ಹುಚ್ಚು ಹಿಡಿದು ಹನ್ನೆರಡು ವರ್ಷವಾಯಿತು. ಅದು ಅವರಿಗೆ ಗೊತ್ತು. ಹಳೇ ಟವೆಲ್ಲಿನಲ್ಲಿ ಸುತ್ತಿಕೊಂಡು ತಂದು ನಮ್ಮ ಊಟದ ಮೇಜಿನ ಮೇಲಿಟ್ಟರು. "ಬೆಲೆ ಬೇಡ. ಇವೆಲ್ಲ ಒಟ್ಟಿಗೇ ಇದ್ದವಾ, ಅಷ್ಟು ಹೇಳಿ" ಅಂದರು.

ಆ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಸಾಮಾನ್ಯವಾಗಿ ಜನ ಕೇಳುವುದು "ಒರಿಜಿನಲ್ಲಾ?" ಅಂತ. ಆದರೆ ಅಲಗು ಒರಿಜಿನಲ್ ಇರಬಹುದು, ಒರೆ ಒರಿಜಿನಲ್ ಇರಬಹುದು, ಎರಡೂ ಮೊನ್ನೆ ಮೊನ್ನೆ ಯಾವುದೋ ಗ್ಯಾರೇಜಿನಲ್ಲಿ ಒಂದಾಗಿರಬಹುದು. ಹಾಗಾಗಿ ಇವು ಯಾವಾಗ ಒಂದಾದವು ಅಂತ ಕೇಳಬೇಕು. ಅದಕ್ಕೆ ಉತ್ತರ ಹುಡುಕುವುದು ಕಷ್ಟ, ಆದರೆ ಸಾಧ್ಯ.

ಮೊದಲು ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. 1876ರಲ್ಲಿ ಜಪಾನಿನ ಮೇಜಿ ಸರ್ಕಾರ ಕತ್ತಿ ಕಟ್ಟಿಕೊಂಡು ಓಡಾಡಬಾರದು ಅಂತ ಆಜ್ಞೆ ಹೊರಡಿಸಿತು. ಸೈನಿಕರು, ಪೊಲೀಸರು, ಸಮಾರಂಭದ ಉಡುಪಿನ ಅಧಿಕಾರಿಗಳು ಮಾತ್ರ ಕಟ್ಟಬಹುದಿತ್ತು. ಆ ಸೈನ್ಯದ ಕತ್ತಿಯೂ ನೋಡಲು ಯುರೋಪಿನದರಂತೆ ಇತ್ತು: ಬೆರಳುಗಳಿಗೆ ಅಡ್ಡವಾಗಿ ಬಾಗಿದ ಲೋಹದ ಪಟ್ಟಿ, ಹೊಳೆಯುವ ಉಕ್ಕಿನ ಒರೆ. ಇದನ್ನು ಕ್ಯೂ-ಗುಂತೊ ಅನ್ನುತ್ತಾರೆ, ಅಂದರೆ ಹಳೇ ಸೇನಾ ಕತ್ತಿ. 1934ರಲ್ಲಿ ಸೈನ್ಯ ಆ ವೇಷ ಬಿಟ್ಟು ಹಳೇ ಕಾಲದ ಸಮುರಾಯ್ ಕತ್ತಿಯ ರೂಪಕ್ಕೆ ಮರಳಿತು. ಅದು ಶಿನ್-ಗುಂತೊ, ಹೊಸ ಸೇನಾ ಕತ್ತಿ. 1938ರಲ್ಲಿ ಅದನ್ನೇ ಸ್ವಲ್ಪ ಸರಳ ಮಾಡಿದರು. ಮೊದಲಿನದಕ್ಕೆ ಸೊಂಟಕ್ಕೆ ನೇತುಹಾಕಲು ಎರಡು ಬಳೆ ಇದ್ದವು, ಆಮೇಲಿನದಕ್ಕೆ ಒಂದೇ. ನೌಕಾದಳಕ್ಕೆ 1937ರಿಂದ ಬೇರೆ ಮಾದರಿ ಇತ್ತು.

ಸೇನೆಯ ಅಧಿಕಾರಿ ತನ್ನ ಕತ್ತಿಯನ್ನು ತಾನೇ ಕೊಳ್ಳಬೇಕಿತ್ತು. ಕೆಳಗಿನ ಹವಾಲ್ದಾರ ದರ್ಜೆಯವರಿಗೆ 1935ರ ಮಾದರಿಯ, ಕಾರ್ಖಾನೆಯಲ್ಲಿ ಮಾಡಿದ, ನಂಬರು ಹೊಡೆದ ಕತ್ತಿಯನ್ನು ಸರ್ಕಾರವೇ ಕೊಡುತ್ತಿತ್ತು. ಅಧಿಕಾರಿಗೆ ಹಾಗಿಲ್ಲ. ದುಡ್ಡಿದ್ದವನು ಒಳ್ಳೇ ಕಮ್ಮಾರನಿಂದ ಮಾಡಿಸುತ್ತಿದ್ದ. ಇಲ್ಲದವನು ಸೆಕಿ ಊರಿನ ಕಾರ್ಖಾನೆಯ ಮಾಲು ತರುತ್ತಿದ್ದ. ಮನೆಯಲ್ಲಿ ಮುತ್ತಜ್ಜನ ಕತ್ತಿ ಇದ್ದವನು ಅದನ್ನೇ ಒಯ್ದು, ಅಂಗಡಿಯಲ್ಲಿ ಅದಕ್ಕೊಂದು ಮಿಲಿಟರಿ ಅಂಗಿ ಹೊಲಿಸುತ್ತಿದ್ದ. ಹಾಗಾಗಿ ಮುನ್ನೂರು ವರ್ಷದ ಅಲಗಿನ ಮೇಲೆ 1940ರ ಸಾಮಾನು ಇರುವುದು ಮೋಸವೇನಲ್ಲ. ಲುಝೋನಿನಲ್ಲೇ 1945ರ ಸೆಪ್ಟೆಂಬರ್ 3ರಂದು ಶರಣಾದ ಜಪಾನಿ ಜನರಲ್ ಯಮಶಿತನ ಕತ್ತಿಯೂ ಹೀಗೇ. ಅಲಗು 17ನೇ ಶತಮಾನದ ಕನೆನಾಗ ಎಂಬ ಕಮ್ಮಾರನದು, ಉಡುಪು ಸೈನ್ಯದ್ದು. ಅದು ಈಗ ಅಮೆರಿಕದ ವೆಸ್ಟ್ ಪಾಯಿಂಟ್ ಮ್ಯೂಸಿಯಂನಲ್ಲಿದೆ.

ನಮ್ಮ ಊರಿನ ದೇವಸ್ಥಾನ ನೆನಪಾಗುತ್ತದೆ. ಕಲ್ಲಿನ ಮೂರ್ತಿ ಎಷ್ಟು ಹಳೇದೋ ಯಾರಿಗೂ ಗೊತ್ತಿಲ್ಲ. ಬೆಳ್ಳಿ ಕವಚ ನಮ್ಮ ತಾತನ ಕಾಲದ್ದು. ಅಕ್ಕಸಾಲಿಗ ಬಂದು ಮೂರ್ತಿಯ ಅಳತೆ ತೆಗೆದು ಮಾಡಿದ ಕವಚ ಅದು, ಪಕ್ಕದ ಊರಿನ ದೇವರಿಗೆ ಕೂರುವುದಿಲ್ಲ. ಕತ್ತಿಯಲ್ಲೂ ನಾನು ಹುಡುಕುವುದು ಇದನ್ನೇ. ಅಳತೆ ತೆಗೆದು ಮಾಡಿದ್ದಾ, ಇಲ್ಲ ಎಲ್ಲಿಂದಲೋ ತಂದು ಹಾಕಿದ್ದಾ?

ಹಿರಿಯರ ಕತ್ತಿ 1938ರ ಮಾದರಿಯದು. ಕಂದು ಬಣ್ಣದ ಲೋಹದ ಒರೆ, ಒಂದು ಬಳೆ. ಹಿಡಿಗೆ ತೊರಕೆ ಮೀನಿನ ಚರ್ಮ, ಅದರ ಮೇಲೆ ಕಂದು ರೇಷ್ಮೆ ದಾರದ ಸುತ್ತು. ಎಲ್ಲ ಲೋಹದ ಭಾಗಗಳ ಮೇಲೂ ಚೆರ್ರಿ ಹೂ. ಹಿಡಿಯ ತುದಿಯಲ್ಲಿ ಸಣ್ಣದೊಂದು ಬೆಳ್ಳಿ ಲಾಂಛನ, ಅಡ್ಡಡ್ಡ ಇಟ್ಟ ಎರಡು ಗಿಡುಗನ ಗರಿ. ಅದು ಆ ಅಧಿಕಾರಿಯ ಮನೆತನದ ಗುರುತು. "ಇದನ್ನು ಹಿಡಿದು ಅವರ ಮನೆ ಹುಡುಕಬಹುದಾ?" ಅಂತ ಹಿರಿಯರು ಕೇಳಿದರು. ಆಗಲ್ಲ. ಈ ಗರಿಗಳ ಲಾಂಛನ ಜಪಾನಿನಲ್ಲಿ ಲೆಕ್ಕವಿಲ್ಲದಷ್ಟು ಮನೆಗಳದು. ಅದನ್ನು ಹೇಳುವಾಗ ನನಗೂ ಬೇಜಾರಾಯಿತು.

ನಮ್ಮಮ್ಮ ಆಗ ಶಿವಮೊಗ್ಗದಿಂದ ಬಂದಿದ್ದರು. ಮೇಜಿನ ಹತ್ತಿರ ಬಂದು ಕುಳಿತರು.

ಬಿಚ್ಚುವ ಕೆಲಸ ನಿಧಾನ. ಅಲಗು ಹಿಡಿಯೊಳಗೆ ನಿಂತಿರುವುದು ಒಂದು ಬಿದಿರಿನ ಮೊಳೆಯಿಂದ. ಅದಕ್ಕೆ ಮೆಕುಗಿ ಅಂತ ಹೆಸರು. ಮೊಳೆಗೆ ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ಸಣ್ಣ ತುದಿಯಿಂದ ಮೆಲ್ಲಗೆ ತಳ್ಳಬೇಕು. ಆಮೇಲೆ ಎಡಗೈಯಲ್ಲಿ ಹಿಡಿಯನ್ನು ಹಿಡಿದು, ಅಲಗನ್ನು ಮೇಲೆ ಮಾಡಿ, ಬಲಗೈ ಮುಷ್ಟಿಯಿಂದ ಎಡ ಮಣಿಕಟ್ಟಿನ ಮೇಲೆ ಗುದ್ದಬೇಕು. ಎರಡು ಮೂರು ಗುದ್ದಿಗೆ ಅಲಗು ಸಡಿಲವಾಗುತ್ತದೆ. ಬಾರದಿದ್ದರೆ ಬಿಟ್ಟುಬಿಡಬೇಕು. ಸುತ್ತಿಗೆ, ಇಕ್ಕಳ ತರಬಾರದು. ಅಲಗಿಗೆ ಬೆರಳು ತಾಗಿಸಬಾರದು, ಬೆವರಿನ ಗುರುತೇ ತುಕ್ಕಾಗುತ್ತದೆ.

ಇದು ಬಂತು. ಹಿಡಿಯೊಳಗೆ ಅಡಗಿದ್ದ ಅಲಗಿನ ಬಾಲ ಹೊರಗೆ ಬಂದಾಗ ಅದು ಕಾಫಿ ಪುಡಿಯ ಬಣ್ಣಕ್ಕಿತ್ತು. ಇದಕ್ಕೆ ನಕಾಗೊ ಅನ್ನುತ್ತಾರೆ.

"ಅಯ್ಯೋ, ಎಷ್ಟು ತುಕ್ಕು ಹಿಡಿದಿದೆಯಲ್ಲೋ" ಅಂದರು ಅಮ್ಮ. "ಸ್ವಲ್ಪ ಹುಣಸೆಹಣ್ಣು ಹಾಕಿ ತಿಕ್ಕಬಾರ್ದಾ?"

"ಬೇಡಮ್ಮ, ಅದೊಂದು ಮಾತ್ರ ಮಾಡಬಾರದು."

ಅಮ್ಮನ ಮಾತು ಸಹಜವೇ. ಆಯುಧಪೂಜೆಯ ಹಿಂದಿನ ದಿನ ನಮ್ಮ ಮನೆಯಲ್ಲಿ ಈಳಿಗೆಮಣೆಯಿಂದ ಹಿಡಿದು ಮಚ್ಚಿನ ತನಕ ಎಲ್ಲ ಹೊರಗೆ ಬರುತ್ತಿದ್ದವು. ಹುಣಸೆ, ಬೂದಿ ಹಾಕಿ ಹೊಳೆಯುವ ತನಕ ತಿಕ್ಕುವುದು ನಮಗೆ ಭಕ್ತಿ. ಜಪಾನಿ ಕತ್ತಿಯಲ್ಲಿ ಅಲಗಿಗೆ ಹೊಳಪು ಕೊಡುವವರೇ ಬೇರೆ ಇದ್ದಾರೆ, ಆದರೆ ನಕಾಗೊ ಮೇಲಿನ ತುಕ್ಕನ್ನು ಅವರೂ ಮುಟ್ಟುವುದಿಲ್ಲ. ಆ ತುಕ್ಕಿನ ಬಣ್ಣದಿಂದ ಅಲಗಿನ ವಯಸ್ಸು ಅಂದಾಜು ಮಾಡುತ್ತಾರೆ. ಒಮ್ಮೆ ತಿಕ್ಕಿದರೆ ಅದು ಮತ್ತೆ ಬರುವುದಿಲ್ಲ. ಅಮ್ಮನಿಗೆ ಇಷ್ಟು ಹೇಳಿದೆ. ಅವರು ಕೈ ಮಡಚಿಕೊಂಡು ನೋಡತೊಡಗಿದರು.

ಇದರ ನಕಾಗೊ ಮೇಲೆ ಹೆಸರಿಲ್ಲ. ಎರಡು ತೂತು ಇವೆ. ಉದ್ದವಿದ್ದ ಅಲಗನ್ನು ಯಾವಾಗಲೋ ಬುಡದಿಂದ ಕತ್ತರಿಸಿ ಗಿಡ್ಡ ಮಾಡಿದ್ದಾರೆ. ಆಗ ಹಿಡಿ ಮೇಲಕ್ಕೆ ಸರಿಯುತ್ತದೆ, ಹೊಸ ತೂತು ಬೇಕಾಗುತ್ತದೆ. ಯುದ್ಧಕಾಲದ ಕಾರ್ಖಾನೆಯ ಮುದ್ರೆ ಇಲ್ಲ. ಅಲಗು ಹಳೇದು ಅಂತ ವ್ಯಾಪಾರಿ ಹೇಳಿದ್ದು ಸರಿ. ಇಲ್ಲಿಯ ತನಕ ನಾವಿಬ್ಬರೂ ಒಂದೇ ಕಡೆ ಇದ್ದೆವು.

ಈಗ ಮೇಲಿನ ಸಾಮಾನು. ಹಿಡಿಗೂ ಅಲಗಿಗೂ ನಡುವೆ ಕೈಗೆ ರಕ್ಷಣೆ ಕೊಡುವ ತಟ್ಟೆ ಇರುತ್ತದೆ, ತ್ಸುಬಾ. ಅದರ ಎರಡೂ ಕಡೆ ತೆಳ್ಳಗಿನ ಹಿತ್ತಾಳೆ ಬಿಲ್ಲೆಗಳು, ಸೆಪ್ಪಾ. ನಮ್ಮ ವಾಷರ್ ಇದ್ದ ಹಾಗೆ, ಆದರೆ ಒಂದೊಂದನ್ನೂ ಜಾಗ ನೋಡಿ ಅರದಿಂದ ಉಜ್ಜಿ ಕೂರಿಸಿದ್ದು. ಇದರಲ್ಲಿ ಎಂಟು ಇದ್ದವು. ಅವುಗಳನ್ನು ಒಂದೊಂದಾಗಿ ತೆಗೆದು, ಬಂದ ಕ್ರಮದಲ್ಲೇ ಬಿಳಿ ಕಾಗದದ ಮೇಲೆ ಜೋಡಿಸಿದೆ. ಫೋಟೊ ತೆಗೆದೆ. ಭೂತಗನ್ನಡಿ ಹಿಡಿದು ನೋಡಿದರೆ ತ್ಸುಬಾದ ನಡುವಿನ ತೂತಿನ ಪಕ್ಕ, ಬಿಲ್ಲೆ ಮುಚ್ಚುವ ಜಾಗದಲ್ಲಿ, ಸಣ್ಣದಾಗಿ 47 ಅಂತ ಹೊಡೆದಿದೆ. ಬಿಲ್ಲೆಗಳ ಮೇಲೂ 47. ಒಂದರ ಮೇಲೆ ಮಾತ್ರ ಏನೂ ಇಲ್ಲ.

ಈ ಅಂಕೆ ಸಿಕ್ಕರೆ ಎಷ್ಟೋ ಜನ ಅಲ್ಲಿಗೇ ಪರೀಕ್ಷೆ ಮುಗಿಸುತ್ತಾರೆ. ಅದು ತಪ್ಪು ಅಂತ ನನ್ನ ಅನಿಸಿಕೆ. ಒಂದೇ ಅಂಕೆ ಅಂದರೆ ಈ ಬಿಲ್ಲೆಗಳು ಮತ್ತು ತ್ಸುಬಾ ಅಂಗಡಿಯಲ್ಲಿ ಒಂದೇ ಸೆಟ್ಟು ಅಂತ ಅಷ್ಟೇ. ಇಡೀ ಸೆಟ್ಟನ್ನೇ ಬೇರೆ ಅಲಗಿಗೆ ಹಾಕಿದ್ದರೆ? ಯುದ್ಧಕಾಲದ ಅಲಗುಗಳಲ್ಲಿ ಕೆಲವೊಮ್ಮೆ ನಕಾಗೊ ಮೇಲೂ ಬಣ್ಣದಲ್ಲಿ ಅದೇ ಅಂಕೆ ಬರೆದಿರುತ್ತಾರೆ. ಇಂಥ ಹಳೇ ಅಲಗಿನಲ್ಲಿ ಅದನ್ನು ನಂಬಿ ಕೂರಲಾಗುವುದಿಲ್ಲ.

ಇದರ ಜೊತೆ ಇನ್ನೊಂದು ನೋಡಬೇಕು. ಒರೆಯಿಂದ ಕತ್ತಿ ಜಾರದಿರಲು ಹಿಡಿಯ ಪಕ್ಕ ಒಂದು ಸ್ಪ್ರಿಂಗ್ ಕೊಂಡಿ ಇರುತ್ತದೆ. ಗುಂಡಿ ಒತ್ತಿದರೆ ಬಿಡುತ್ತದೆ. ಆ ಕೊಂಡಿ ಹಿಡಿಯ ಬಳೆಯ ತೂತು, ತ್ಸುಬಾದ ಕಿಂಡಿ, ಬಿಲ್ಲೆಗಳ ಕಿಂಡಿ, ಒರೆಯ ಬಾಯಿಯ ಕಿಂಡಿ, ಇಷ್ಟನ್ನೂ ದಾಟಿ ಹೋಗಬೇಕು. ಒಂದು ಭಾಗ ಪರಕೀಯವಾಗಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ತ್ಸುಬಾದಲ್ಲಿ ಕಿಂಡಿ ಇದ್ದು ಹಿಡಿಯಲ್ಲಿ ಗುಂಡಿಯೇ ಇಲ್ಲದ ಕತ್ತಿಗಳನ್ನು ನಾನು ನೋಡಿದ್ದೇನೆ. ಇದರಲ್ಲಿ ಕೊಂಡಿ ಟಕ್ ಅಂತ ಕೂತಿತು. ಅಂಕೆ ಇಲ್ಲದ ಆ ಬಿಲ್ಲೆಯ ಕಿಂಡಿಯೂ ಉಳಿದವಕ್ಕೆ ಸರಿಯಾಗಿ ಹೊಂದಿತು. ಅದರ ಮೇಲಿನ ಕಿಲುಬು ಪಕ್ಕದ ಬಿಲ್ಲೆಯ ಕಿಲುಬಿಗೆ ಕನ್ನಡಿಯಲ್ಲಿ ಕಂಡ ಹಾಗೆ ಜೋಡಿ. ಎಷ್ಟೋ ವರ್ಷ ಮೈಗೆ ಮೈ ತಾಗಿಸಿಕೊಂಡು ಇದ್ದವು ಅವು.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಒಂಬತ್ತು ವರ್ಷದ ಹಿಂದೆ ನಾನು ಕೊಂಡ ಮೊದಲ ಗುಂತೊದಲ್ಲೂ ಹೀಗೆ ಒಂದು ಬಿಲ್ಲೆ ಬೇರೆ ಅಂಕೆಯದಿತ್ತು. ನನಗೆ ಅದು ಕಣ್ಣಿಗೆ ಚುಚ್ಚುತ್ತಿತ್ತು. ಇನ್ನೊಂದು ಕಡೆಯಿಂದ ಸರಿಯಾದ ಅಂಕೆಯ ಬಿಲ್ಲೆ ಹುಡುಕಿ ತಂದು ಹಾಕಿದೆ. ಹಳೇದನ್ನು ಡಬ್ಬಿಯಲ್ಲಿ ಹಾಕಿದ್ದು ಮನೆ ಬದಲಿಸುವಾಗ ಕಳೆಯಿತು. ಈಗ ಆ ಕತ್ತಿ ನೋಡಲು ಸೊಗಸಾಗಿದೆ, ಎಲ್ಲ ಅಂಕೆಯೂ ಒಂದೇ. ಅದು ಸುಳ್ಳು ಅಂತ ನನಗೊಬ್ಬನಿಗೇ ಗೊತ್ತು. ಬಹುಶಃ ಯುದ್ಧಕಾಲದ ಅಂಗಡಿಯಲ್ಲೇ ಒಬ್ಬ ಕೆಲಸಗಾರ ಅವಸರದಲ್ಲಿ ಪಕ್ಕದ ಸೆಟ್ಟಿನಿಂದ ಬಿಲ್ಲೆ ತೆಗೆದು ಹಾಕಿದ್ದನೇನೋ. ಆ ಸಾಕ್ಷಿಯನ್ನು ನಾನೇ ಕೈಯಾರೆ ಅಳಿಸಿದೆ. ಇವತ್ತಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ಹೇಳುವುದು ಹಿಡಿಯ ಒಳಭಾಗ. ಹಿಡಿಯ ಮರ ಹೊನೊಕಿ, ಜಪಾನಿನ ಒಂದು ಮೆತ್ತನೆಯ ಮರ, ನಮ್ಮ ಸಂಪಿಗೆಯ ಕುಲದ್ದೇ. ಒಂದು ತುಂಡನ್ನು ಉದ್ದಕ್ಕೆ ಎರಡಾಗಿ ಸೀಳಿ, ಒಳಗೆ ನಕಾಗೊ ಆಕಾರಕ್ಕೆ ಉಳಿಯಿಂದ ತೋಡಿ, ಮತ್ತೆ ಅಂಟಿಸುತ್ತಾರೆ. ಹಳೇ ಪದ್ಧತಿಯಲ್ಲಿ ಅಂಟು ಅಂದರೆ ಅನ್ನ ಅರೆದು ಮಾಡಿದ್ದು. ಅದರ ಮೇಲೆ ಮೀನಿನ ಚರ್ಮ, ಅದರ ಮೇಲೆ ದಾರ. ಅಂದರೆ ಒಳಗಿನ ಆ ಗುಳಿ ಹುಟ್ಟಿದ್ದು ಹಿಡಿ ಮುಚ್ಚುವ ಮೊದಲು. ದಾರ ಬಿಚ್ಚದೆ, ಚರ್ಮ ಕೀಳದೆ ಆಮೇಲೆ ಯಾರೂ ಒಳಗೆ ನೀಟಾಗಿ ತೋಡಲಾರರು. ಬೇರೆ ಕತ್ತಿಯ ಹಿಡಿ ತಂದು ಹಾಕಿದರೆ ಗುಳಿ ಒಂದೋ ದೊಡ್ಡದಾಗುತ್ತದೆ, ಒಂದೋ ಚಿಕ್ಕದು. ದೊಡ್ಡದಾದರೆ ಮರದ ಸಿಬಿರು, ಕಾಗದ ತುರುಕಿರುತ್ತಾರೆ. ಚಿಕ್ಕದಾದರೆ ಬಾಯಿಯ ಹತ್ತಿರ ಗೀಚಿರುತ್ತಾರೆ. ಮೊಳೆಯ ತೂತನ್ನು ಒಂದು ಕಡೆಗೆ ಎಳೆದು ಅಗಲ ಮಾಡಿರುತ್ತಾರೆ.

ಕೊಳವೆ ಕಟ್ಟಿಕೊಂಡಾಗ ಒಳಗೆ ನೋಡಲು ಮೊಬೈಲಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಬರುತ್ತದಲ್ಲ, ಅದನ್ನು ಹಿಡಿಯೊಳಗೆ ಮೆಲ್ಲಗೆ ಬಿಟ್ಟೆ. ಮೂವರೂ ಪರದೆಯ ಮೇಲೆ ಬಗ್ಗಿದೆವು. ಮರದ ಮೇಲೆ ತುಕ್ಕಿನ ಕಲೆ, ಒಂದೇ ಸಮ. ಸಿಬಿರು ಇಲ್ಲ, ಕಾಗದ ಇಲ್ಲ. ಗುಳಿ ಕೊನೆಯಾಗುವ ಜಾಗದಲ್ಲಿ ಮರ ಓರೆಯಾಗಿ ನಿಂತಿದೆ. ಮೇಜಿನ ಮೇಲಿದ್ದ ನಕಾಗೊ ತುದಿ ನೋಡಿದರೆ ಅದೂ ಅದೇ ಕೋನದಲ್ಲಿ ಓರೆ. ನಡುವೆ ಒಂದು ಕಡೆ, ಆ ಕಂದು ಕಲೆಯ ಮಧ್ಯೆ, ದುಂಡಗೆ ಒಂದು ಬೆಳ್ಳನೆ ಚುಕ್ಕೆ.

ನಕಾಗೊದಲ್ಲಿ ಎರಡು ತೂತಿವೆ ಅಂದೆನಲ್ಲ, ಬಿದಿರಿನ ಮೊಳೆ ಹೋಗುವುದು ಒಂದರಲ್ಲಿ ಮಾತ್ರ. ಇನ್ನೊಂದು ಖಾಲಿ ತೂತಿನ ಎದುರು ಮರಕ್ಕೆ ಕಬ್ಬಿಣ ತಾಗಿಲ್ಲ. ಅದಕ್ಕೇ ಅಲ್ಲಿ ಕಲೆ ಇಲ್ಲ. ಅಳತೆ ಹಿಡಿದು ನೋಡಿದೆ. ಬಾಯಿಯಿಂದ ಚುಕ್ಕೆಗೆ ಎಷ್ಟು ದೂರವೋ, ನಕಾಗೊ ಮೇಲಿನ ಖಾಲಿ ತೂತಿಗೂ ಅಷ್ಟೇ ದೂರ.

ಕಲೆಯೊಂದನ್ನೇ ಹಿಡಿದು ತೀರ್ಪು ಕೊಡಬಾರದು, ಅದನ್ನೂ ಹೇಳುತ್ತೇನೆ. 1950ರಲ್ಲಿ ಅಮೆರಿಕದ ಯಾರೋ ಈ ಹಿಡಿಗೆ ಈ ಅಲಗು ಹಾಕಿದ್ದರೂ ಇಷ್ಟು ವರ್ಷದಲ್ಲಿ ಕಲೆ ಬೀಳುತ್ತಿತ್ತು. ಆದರೆ ಗುಳಿಯ ಆಕಾರ ಹಾಗೆ ಬೀಳುವುದಿಲ್ಲ. ಎಂದೋ ಯಾರೋ ಕತ್ತರಿಸಿದ ಓರೆ ತುದಿಗೆ ಸರಿಯಾಗಿ ಯಾರೋ ಉಳಿ ಹಿಡಿದು ತೋಡಿದ್ದಾರೆ. ಮೇಲಿನ ದಾರ ಒಮ್ಮೆಯೂ ಬಿಚ್ಚಿದ್ದಲ್ಲ. ಸುತ್ತಿನ ಪ್ರತಿ ಹೆಣಿಕೆಯಲ್ಲೂ ದಾರ ಒಮ್ಮೆ ಎಡ ಮೇಲೆ, ಮುಂದಿನದರಲ್ಲಿ ಬಲ ಮೇಲೆ, ಕೊನೆಯ ತನಕ ಒಂದೂ ತಪ್ಪಿಲ್ಲ. ದಾರದ ಅಂಚಿನಲ್ಲಿ ಮೀನಿನ ಚರ್ಮದ ಸಂದಿಯಲ್ಲಿ ಹಳೇ ಕೊಳೆ ಹಾಗೇ ಕೂತಿದೆ. ಈ ಹಿಡಿ ಈ ಅಲಗಿಗಾಗಿಯೇ ಮಾಡಿದ್ದು.

ಹಿರಿಯರು ಸುಮ್ಮನೆ ಕೂತಿದ್ದರು. "ಹಾಗಾದರೆ ಅವನು ಹೇಳಿದ್ದು?" ಅಂತ ಕೇಳಿದರು.

ವ್ಯಾಪಾರಿಯ ಮಾತಿನಲ್ಲಿ ಒಂದು ಭಾಗ ನಿಜವೂ ಇತ್ತು. ಹಿಡಿಗೆ ಕಟ್ಟಿದ್ದ ಕುಚ್ಚು. ಜಪಾನಿ ಸೇನೆಯಲ್ಲಿ ಕುಚ್ಚಿನ ಬಣ್ಣದಿಂದ ದರ್ಜೆ ತಿಳಿಯುತ್ತಿತ್ತು. ಲೆಫ್ಟಿನೆಂಟ್, ಕ್ಯಾಪ್ಟನ್ನರಿಗೆ ಕಂದು-ನೀಲಿ. ಮೇಜರಿನಿಂದ ಕರ್ನಲ್ ತನಕ ಕಂದು-ಕೆಂಪು. ಜನರಲ್‌ಗೆ ಅದರ ಜೊತೆ ಚಿನ್ನದ ಎಳೆ. ಇದರದ್ದು ಕಂದು-ಕೆಂಪು. ಆದರೆ ಹಿಡಿಯ ದಾರ ಬೆವರಿಗೆ, ಬಿಸಿಲಿಗೆ ಮಾಸಿದ್ದರೆ ಕುಚ್ಚು ಮಾತ್ರ ಹೊಸದರಂತಿತ್ತು. ಕಟ್ಟುವ ಬಳೆಯ ಸವೆತಕ್ಕೂ ಗಂಟಿನ ಜಾಗಕ್ಕೂ ತಾಳೆಯಾಗುತ್ತಿರಲಿಲ್ಲ. "ಇದೊಂದು ಆಮೇಲೆ ಬಂದದ್ದು" ಅಂದೆ.

ಅವರು ಕುಚ್ಚನ್ನು ಕೈಗೆ ತೆಗೆದುಕೊಂಡು ತಿರುಗಿಸಿದರು. ಆಮೇಲೆ ಅವರಿಗೆ ನೆನಪಾಯಿತು. ಏಳೆಂಟು ವರ್ಷದವರಿದ್ದಾಗ ಕತ್ತಿಯ ಕುಚ್ಚನ್ನು ಬಿಚ್ಚಿ ಗೊಂಬೆಯ ಜಡೆಗೆ ಕಟ್ಟಿದ್ದರಂತೆ. ಗೊಂಬೆಯ ಜೊತೆ ಅದೂ ಹೋಯಿತು. ಅಪ್ಪ ಬಯ್ಯಲಿಲ್ಲ. ಎಷ್ಟೋ ಕಾಲದ ಮೇಲೆ ಎಲ್ಲಿಂದಲೋ ಇದನ್ನು ತಂದು ಕಟ್ಟಿದರು. "ಅದರಲ್ಲಿ ನೀಲಿ ಇತ್ತು" ಅಂದರು. ನಾನು ಬಣ್ಣದ ವಿಷಯ ಹೇಳಿದ ಮೇಲೆ ಬಂದ ನೆನಪು ಅದು, ನಾನೇ ಬಿತ್ತಿದ್ದೂ ಇರಬಹುದು. ಹಾಗಾಗಿ ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಲಿಲ್ಲ. ಗೊಂಬೆಯ ಕಥೆಯನ್ನು ಮಾತ್ರ ನಂಬಿದೆ.

ಮೇಲಿನ ಸಾಮಾನು ಬಿಸಾಕುವ ಮಾತು ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತಿದೆ. ಜಪಾನಿನಲ್ಲಿ ಇವತ್ತು ಕತ್ತಿ ಇಟ್ಟುಕೊಳ್ಳಲು ನೋಂದಣಿ ಪತ್ರ ಬೇಕು. ಆ ಪತ್ರದಲ್ಲಿ ಅಲಗಿನ ಉದ್ದ, ಬಾಗು, ಮೊಳೆ ತೂತುಗಳ ಲೆಕ್ಕ, ಕಮ್ಮಾರನ ಹೆಸರು ಬರೆದಿರುತ್ತಾರೆ. ಹಿಡಿ, ಒರೆಯ ಸುದ್ದಿಯೇ ಇಲ್ಲ. ಸಾಂಪ್ರದಾಯಿಕವಾಗಿ ಮಾಡಿದ ಅಲಗಿಗೆ ಮಾತ್ರ ಈ ಪತ್ರ ಸಿಗುತ್ತದೆ, ಯುದ್ಧಕಾಲದ ಕಾರ್ಖಾನೆ ಕತ್ತಿಗೆ ಸಿಗುವುದಿಲ್ಲ. ಅಲಗನ್ನೇ ಕಲೆ ಅಂತ ನೋಡುವವರಿಗೆ ಮಿಲಿಟರಿ ಅಂಗಿ ಒಂದು ಕೊಳೆ. ಅವರ ಕಾರಣ ನನಗೆ ಅರ್ಥವಾಗುತ್ತದೆ, ಒಪ್ಪಲಾಗುವುದಿಲ್ಲ. ಆ ಅಲಗು ಯಾರದೋ ಮನೆಯಿಂದ ಯುದ್ಧಕ್ಕೆ ಹೋದದ್ದು ಈ ಅಂಗಿ ತೊಟ್ಟೇ. ಅದನ್ನು ಕಿತ್ತರೆ ಯುದ್ಧದ ಆ ವರ್ಷಗಳನ್ನು ಹರಿದು ಹಾಕಿದ ಹಾಗೆ. ಆ ವರ್ಷಗಳಲ್ಲಿ ಆ ಸೈನ್ಯ ಏಷ್ಯಾದ ಊರೂರುಗಳಲ್ಲಿ ಏನು ಮಾಡಿತು ಅನ್ನುವುದನ್ನು ಮರೆಯಲು ಕತ್ತಿಗೂ ನಾವು ಸಹಾಯ ಮಾಡಬಾರದು.

ಇದು ನಮಗೆ ದೂರದ ಕಥೆ ಅಂತಲೂ ನಾನು ಅಂದುಕೊಂಡಿಲ್ಲ. ಬರ್ಮಾದಲ್ಲಿ ಜಪಾನೀಯರ ವಿರುದ್ಧ ಹೋರಾಡಿದ ಬ್ರಿಟಿಷ್ ಜನರಲ್ ಸ್ಲಿಮ್, ಶರಣಾದ ಜಪಾನಿ ಅಧಿಕಾರಿಗಳು ಕತ್ತಿ ಒಪ್ಪಿಸಲೇಬೇಕು ಅಂತ ಪಟ್ಟು ಹಿಡಿದ. ಅವನ ಸೈನ್ಯದಲ್ಲಿ ಜಾಸ್ತಿ ಇದ್ದವರು ಭಾರತದ ಸಿಪಾಯಿಗಳೇ. ಮಡಿಕೇರಿಯ ತಿಮ್ಮಯ್ಯನವರು 1945ರ ಜನವರಿಯಲ್ಲಿ ಬರ್ಮಾದ ಅರಾಕಾನಿನ ಕಂಗಾವ್‌ನಲ್ಲಿ ಜಪಾನೀಯರ ಎದುರು ಬೆಟಾಲಿಯನ್ ನಡೆಸಿದವರು. ಯುದ್ಧ ಮುಗಿದ ಮೇಲೆ ಜಪಾನಿನಲ್ಲೇ 268ನೇ ಭಾರತೀಯ ಬ್ರಿಗೇಡಿಗೆ ಮುಖ್ಯಸ್ಥರಾಗಿದ್ದರು. ನಮ್ಮ ಕಡೆಯ ಯಾವುದಾದರೂ ಸೈನಿಕರ ಮನೆಯ ಪೆಟ್ಟಿಗೆಯಲ್ಲಿ ಇಂಥ ಕತ್ತಿ ಇದ್ದರೆ, ಆಯುಧಪೂಜೆ ಬಂತು ಅಂತ ಬಿಚ್ಚಿ ತಿಕ್ಕಬೇಡಿ. ದಾರ ಹರಿದಿದ್ದರೆ ಹರಿದೇ ಇರಲಿ. ಕುಂಕುಮ ಒರೆಗೆ ಮುಟ್ಟಿಸಿ, ಅಲಗಿಗೆ ಬೇಡ.

ಮತ್ತೆ ಜೋಡಿಸಲು ಅರ್ಧ ಗಂಟೆ ಹಿಡಿಯಿತು. ಅಮ್ಮ ಕಾಗದದ ಮೇಲಿನ ಬಿಲ್ಲೆಗಳನ್ನು ಕ್ರಮವಾಗಿ ಎತ್ತಿ ಕೊಟ್ಟರು, ಅಂಕೆ ಇಲ್ಲದ್ದನ್ನೂ ಅದರ ಜಾಗಕ್ಕೇ. ಬಿದಿರಿನ ಮೊಳೆ ಹೆಬ್ಬೆರಳಿನ ಒತ್ತಿಗೆ ಒಳಗೆ ಹೋಗಿ ನಿಂತಿತು. ಹಿರಿಯರು ಒಂದು ಹಾಳೆ ಕೇಳಿದರು. ಬಿಲ್ಲೆಗಳ ಅಂಕೆ, ಚುಕ್ಕೆಯ ಅಳತೆ, ಹಿಡಿಯ ಕೊನೆಯ ಓರೆ, ನಾನು ಹೇಳುತ್ತಾ ಹೋದೆ, ಅವರು ಬರೆದುಕೊಂಡರು. ಕುಚ್ಚಿನ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿ, ನನ್ನನ್ನು ಕೇಳದೆ, ತಾವೇ ಬರೆದರು: "ಇದು ಅಪ್ಪ ತಂದದ್ದು. ಮೊದಲಿನದನ್ನು ನಾನು ಕಳೆದೆ."